ಫಾದರ್ ಮಾವ ನಿರಪರಾಧಿ ಅಂತ ಸಾಕ್ಷ್ಯಚಿತ್ರ ಮಾಡಬಹುದಾ?

ಪ್ರಶ್ನೆ: ನನಗೆ 31 ವರ್ಷ. ಬೆಂಗಳೂರಿನ ಲಿಂಗರಾಜಪುರದಲ್ಲಿದ್ದೇನೆ, ಜಾಹೀರಾತು ಚಿತ್ರಗಳ ಎಡಿಟರ್. ನಮ್ಮಮ್ಮನ ತಮ್ಮ ಕಥೋಲಿಕ ಗುರುಗಳು. ಮನೆಯಲ್ಲಿ ಎಲ್ಲರೂ 'ಫಾದರ್ ಮಾವ' ಅಂತಲೇ ಕರೆಯುವುದು. ಪಕ್ಕದ ರಾಜ್ಯದ ಒಂದು ಧರ್ಮಕೇಂದ್ರದಲ್ಲಿದ್ದಾಗ ಒಬ್ಬ ಹುಡುಗನ ದೂರಿನ ಮೇಲೆ ಪೋಕ್ಸೋ ಕೇಸಾಯಿತು. ಮೂರು ವರ್ಷದ ಹಿಂದೆ 7 ವರ್ಷ ಶಿಕ್ಷೆ ಆಯಿತು. ಮೇಲ್ಮನವಿ ಅಲ್ಲಿನ ಹೈಕೋರ್ಟಿನಲ್ಲಿದೆ, ಮಾವ ಜೈಲಿನಲ್ಲಿದ್ದಾರೆ. ಅವರು ತಪ್ಪು ಮಾಡಿಲ್ಲ ಅಂತ ನಮಗೆಲ್ಲ ಗೊತ್ತು. ಸಾಕ್ಷಿಯೇ ಇಲ್ಲದೆ ಒಬ್ಬ ಹುಡುಗನ ಮಾತಿನ ಮೇಲೆ ಶಿಕ್ಷೆ ಕೊಟ್ಟಿದ್ದಾರೆ. ಅಮ್ಮ ಈಗ ಭಾನುವಾರದ ಪೂಜೆಗೆ ಎರಡು ಬಸ್ ಹಿಡಿದು ಬೇರೆ ಚರ್ಚಿಗೆ ಹೋಗುತ್ತಾರೆ, ನಮ್ಮ ಚರ್ಚಿನಲ್ಲಿ ಜನ ಕೇಳುತ್ತಾರೆ ಅಂತ. ಇದನ್ನು ಸಾಕ್ಷ್ಯಚಿತ್ರ ಮಾಡಬೇಕು ಅಂತಿದ್ದೇನೆ. ಚರ್ಚಿನ ಕೆಲವರು ದುಡ್ಡು ಹಾಕಲು ತಯಾರಿದ್ದಾರೆ. ವಕೀಲರು ಮಾತ್ರ ಬೇಡವೇ ಬೇಡ ಅನ್ನುತ್ತಾರೆ. ಜೈಲಿನಲ್ಲಿ ಶೂಟ್ ಮಾಡಬಹುದಾ? ಆ ಹುಡುಗನಿಗೆ ಈಗ 19 ವರ್ಷ, ಅವನನ್ನು ಮಾತಾಡಿಸಬಹುದಾ? ಚಿತ್ರ ಬಂದರೆ ಕೇಸಿಗೆ ಉಪಯೋಗ ಆಗುತ್ತಾ?

ಉತ್ತರ: ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಎರಡನೇ ಸಲ ಒಂದು ಸಾಲಿನ ಕೆಳಗೆ ಗೆರೆ ಎಳೆದೆ: 'ಅವರು ತಪ್ಪು ಮಾಡಿಲ್ಲ ಅಂತ ನಮಗೆಲ್ಲ ಗೊತ್ತು.' ಜೈಲಿನ ಅನುಮತಿ, ದುಡ್ಡು, ವಕೀಲರ ತಕರಾರು, ಇವಕ್ಕೆಲ್ಲ ಏನಾದರೂ ದಾರಿ ಹುಡುಕಬಹುದು. ಕಷ್ಟ ಇರುವುದು ಈ ಸಾಲಿನಲ್ಲಿ.

ಯಾಕೆ ಹೀಗೆ ಹೇಳುತ್ತೇನೆ ಅಂದರೆ, ಇದು ನನಗೇ ಆಗಿದೆ. ಸುಮಾರು ಹನ್ನೆರಡು ವರ್ಷದ ಹಿಂದೆ ಶಿಕ್ಷೆಯಾಗಿದ್ದ ಒಬ್ಬ ಹಾಸ್ಟೆಲ್ ವಾರ್ಡನ್ ಬಗ್ಗೆ ಚಿತ್ರ ಶುರು ಮಾಡಿದ್ದೆ. ಪಾದ್ರಿ ಅಲ್ಲ, ಆದರೆ ಕೇಸು ನಿಮ್ಮ ಕೇಸಿನ ಥರದ್ದೇ. ಊರಿಗೆ ಊರೇ ಅವರ ಪರ ಇತ್ತು. ನಾನೂ ನಂಬಿದೆ. ಎಂಟು ತಿಂಗಳು ಓಡಾಡಿ ನಲವತ್ತು ಗಂಟೆಯಷ್ಟು ಶೂಟ್ ಮಾಡಿದೆ. ಘಟನೆ ನಡೆದ ರಾತ್ರಿ ವಾರ್ಡನ್ ಊರಿನಲ್ಲೇ ಇರಲಿಲ್ಲ ಅಂತ ಮೂರು ಜನ ನನ್ನ ಕ್ಯಾಮೆರಾ ಮುಂದೆ ಹೇಳಿದರು. ಕೋರ್ಟ್ ಕಡತದ ಪ್ರತಿ ಕೈಗೆ ಬಂದದ್ದು ಕೊನೆಗೆ. ಅದರಲ್ಲಿ ಹಾಸ್ಟೆಲ್ ಅಡುಗೆಯಾಕೆಯ ಪಾಟೀ ಸವಾಲು ಇತ್ತು, ನಾಲ್ಕೇ ಸಾಲು. ಸಾಹೇಬರಿಗೆ ಅವತ್ತು ಜ್ವರ, ರಾತ್ರಿ ಗಂಜಿ ಮಾಡಿ ರೂಮಿಗೆ ಕೊಟ್ಟು ಬಂದೆ ಅಂದಿದ್ದರು ಆಕೆ. ಅವರಿಗೆ ಒಳ್ಳೆಯದಾಗಲಿ ಅಂತಲೇ ಹೇಳಿದ್ದು, ಜ್ವರದಲ್ಲಿ ಮಲಗಿದವರು ಹೇಗೆ ತಪ್ಪು ಮಾಡಿಯಾರು ಅಂತ. ಆದರೆ ಅವರು ಊರಿನಲ್ಲಿರಲಿಲ್ಲ ಅನ್ನುವ ಮಾತು ಅಲ್ಲಿಗೆ ಮುಗಿಯಿತು. ಆ ಚಿತ್ರ ಇವತ್ತಿಗೂ ಒಂದು ಹಾರ್ಡ್ ಡಿಸ್ಕಿನಲ್ಲಿ ಬಿದ್ದಿದೆ. ವಾರ್ಡನ್ ತಪ್ಪು ಮಾಡಿದ್ದರೋ ಇಲ್ಲವೋ ನನಗೆ ಈಗಲೂ ಗೊತ್ತಿಲ್ಲ. ಕಡತ ಓದುವ ಮುಂಚೆ ಕ್ಯಾಮೆರಾ ಹೊರಗೆ ತೆಗೆದದ್ದು ನನ್ನ ತಪ್ಪು, ಅಷ್ಟು ಗೊತ್ತು.

ಈಗ ನಿಮ್ಮ ಪತ್ರದಲ್ಲಿರುವ ಎರಡು ತಪ್ಪು ತಿಳಿವಳಿಕೆ. 'ಸಾಕ್ಷಿಯೇ ಇಲ್ಲ' ಅಂದಿದ್ದೀರಿ. ಹುಡುಗನ ಮಾತೇ ಸಾಕ್ಷಿ. ಇಂಥ ಕೃತ್ಯ ನಾಲ್ಕು ಜನರ ಎದುರು ನಡೆಯುವುದಿಲ್ಲ. ಆದ್ದರಿಂದ ಸಂತ್ರಸ್ತರ ಒಬ್ಬರದೇ ಮಾತು ನಂಬಲರ್ಹ ಅನಿಸಿದರೆ ಅಷ್ಟರ ಮೇಲೇ ಶಿಕ್ಷೆ ಕೊಡಬಹುದು ಅಂತ ನಮ್ಮ ಕೋರ್ಟುಗಳು ಎಷ್ಟೋ ಸಲ ಹೇಳಿವೆ. ಅದರ ಮೇಲೆ ಪೋಕ್ಸೋ ಕಾಯ್ದೆಯ 29ನೇ ಸೆಕ್ಷನ್ ಇದೆ. ಅದರಲ್ಲಿ ಹೇಳಿರುವ ಅಪರಾಧಗಳ ವಿಚಾರಣೆಯಲ್ಲಿ, ಬೇರೆ ರೀತಿ ಸಾಬೀತಾಗುವವರೆಗೆ ಆರೋಪಿ ತಪ್ಪು ಮಾಡಿದ್ದಾನೆ ಅಂತಲೇ ಕೋರ್ಟು ಭಾವಿಸಬೇಕು. ಮಾಮೂಲಿ ಕ್ರಿಮಿನಲ್ ಕೇಸಿಗೆ ಇದು ಉಲ್ಟಾ. ಸರಿಯೋ ತಪ್ಪೋ, ಕಾನೂನು ಹಾಗಿದೆ. 'ಸಾಕ್ಷಿ ಇಲ್ಲದೆ ಶಿಕ್ಷೆ' ಅಂತ ಚಿತ್ರ ಶುರು ಮಾಡಿದರೆ ಮೊದಲ ನಿಮಿಷದಲ್ಲೇ ಯಾರಾದರೂ ವಕೀಲರು ಎದ್ದು ಹೋಗುತ್ತಾರೆ. ನೀವು ಕೇಳಬೇಕಾದ ಪ್ರಶ್ನೆ ಬೇರೆ: ಆ ಮಾತನ್ನು ಸರಿಯಾಗಿ ಪರೀಕ್ಷೆ ಮಾಡಿದರಾ?

ಎರಡನೆಯದನ್ನು ನೀವು ಬರೆದಿಲ್ಲ, ಆದರೆ ಸಾಲುಗಳ ನಡುವೆ ಇದೆ. ಮಾವ ನಿರಪರಾಧಿ ಅಂದರೆ ಹುಡುಗ ಸುಳ್ಳುಗಾರ ಅಂತ. ಹಾಗೇನೂ ಆಗಬೇಕಾಗಿಲ್ಲ. ಈ ವಿಷಯದ ಚಿತ್ರಗಳು ಹಾಳಾಗುವುದು ಹೆಚ್ಚಾಗಿ ಇಲ್ಲೇ.

ಆಸ್ಟ್ರೇಲಿಯಾದ ಕಾರ್ಡಿನಲ್ ಜಾರ್ಜ್ ಪೆಲ್ ಕೇಸು ನೋಡಿ. ಮೆಲ್ಬರ್ನಿನ ಸೇಂಟ್ ಪ್ಯಾಟ್ರಿಕ್ಸ್ ಕೆಥೆಡ್ರಲ್‌ನಲ್ಲಿ 1996ರಲ್ಲಿ ಪೂಜೆ ಮುಗಿದ ಮೇಲೆ ಗಾಯನ ತಂಡದ ಇಬ್ಬರು ಹುಡುಗರ ಮೇಲೆ ದೌರ್ಜನ್ಯ ನಡೆಸಿದರು ಅನ್ನುವುದು ಮುಖ್ಯ ಆರೋಪ. ಮೊದಲ ಜ್ಯೂರಿ, ಅಂದರೆ ತೀರ್ಪು ಹೇಳುವ ಸಾಮಾನ್ಯ ಜನರ ಮಂಡಳಿ, ಒಮ್ಮತಕ್ಕೆ ಬರಲಿಲ್ಲ. ಎರಡನೇ ಜ್ಯೂರಿ 2018ರ ಡಿಸೆಂಬರಿನಲ್ಲಿ ಅಪರಾಧಿ ಅಂದಿತು. 2019ರ ಆಗಸ್ಟಿನಲ್ಲಿ ವಿಕ್ಟೋರಿಯಾದ ಮೇಲ್ಮನವಿ ಕೋರ್ಟು 2-1 ಬಹುಮತದಲ್ಲಿ ಅದನ್ನೇ ಎತ್ತಿಹಿಡಿಯಿತು. 2020ರ ಏಪ್ರಿಲ್ 7ರಂದು ಅಲ್ಲಿನ ಹೈಕೋರ್ಟು, ಆ ದೇಶಕ್ಕೆ ಅದೇ ಕೊನೆಯ ಕೋರ್ಟು, ಏಳಕ್ಕೆ ಏಳೂ ನ್ಯಾಯಮೂರ್ತಿಗಳು ಸೇರಿ ತೀರ್ಪನ್ನು ರದ್ದು ಮಾಡಿತು. ಅಷ್ಟರಲ್ಲಿ ಪೆಲ್ 400ಕ್ಕೂ ಜಾಸ್ತಿ ದಿನ ಜೈಲಿನಲ್ಲಿದ್ದರು.

ಯಾವುದರ ಮೇಲೆ ರದ್ದಾಯಿತು? ಪೂಜೆ ಮುಗಿದ ಮೇಲೆ ಪೆಲ್ ಮೆಟ್ಟಿಲ ಮೇಲೆ ನಿಂತು ಜನರನ್ನು ಮಾತಾಡಿಸುತ್ತಿದ್ದರು, ಪೂಜಾವಸ್ತ್ರದಲ್ಲಿರುವಾಗ ಅವರ ಜೊತೆ ಯಾರಾದರೂ ಇದ್ದೇ ಇರುತ್ತಿದ್ದರು, ಪೂಜೆ ಮುಗಿದರೆ ವಸ್ತ್ರಾಲಯದೊಳಗೆ (ಗುರುಗಳು ಪೂಜಾವಸ್ತ್ರ ಬದಲಿಸುವ ಕೋಣೆ) ಜನ ಓಡಾಡುತ್ತಲೇ ಇರುತ್ತಿದ್ದರು. ಹೀಗೆ ಹೇಳಿದ ಸಾಕ್ಷಿಗಳು ಒಬ್ಬಿಬ್ಬರಲ್ಲ. ಪೂಜೆ ಮುಗಿದ ನಂತರದ ಐದಾರು ನಿಮಿಷದಲ್ಲಿ ಅದು ನಡೆಯಲು ಸಾಧ್ಯವಿತ್ತಾ ಅನ್ನುವ ಹತ್ತಿರ ಕೇಸು ಬಂದು ನಿಂತಿತು. ಈ ಸಾಕ್ಷ್ಯವನ್ನೆಲ್ಲ ನೋಡಿದ ಜ್ಯೂರಿಗೆ ಸಂಶಯ ಬರಬೇಕಿತ್ತು ಅಂತ ಕೋರ್ಟು ಹೇಳಿತು. ದೂರು ಕೊಟ್ಟವನು ಸುಳ್ಳು ಹೇಳಿದ ಅಂತ ಹೇಳಲಿಲ್ಲ. ಜ್ಯೂರಿಗೆ ಅವನ ಮಾತು ನಂಬಲರ್ಹ ಅನಿಸಿತ್ತು ಅಂತ ಇಟ್ಟುಕೊಂಡೇ ಈ ತೀರ್ಮಾನಕ್ಕೆ ಬಂತು. ಮುಂದಿನ ತಿಂಗಳು ರಾಯಲ್ ಕಮಿಷನ್, ಅಂದರೆ ಮಕ್ಕಳ ಮೇಲಿನ ದೌರ್ಜನ್ಯದ ಬಗ್ಗೆ ಅಲ್ಲಿನ ಸರ್ಕಾರ ನೇಮಿಸಿದ್ದ ತನಿಖಾ ಆಯೋಗ, ಅದರ ವರದಿಯ ಮುಚ್ಚಿಟ್ಟ ಪುಟಗಳು ಹೊರಬಂದವು. ಬೇರೆ ಪಾದ್ರಿಗಳು ಮಕ್ಕಳ ಮೇಲೆ ದೌರ್ಜನ್ಯ ಮಾಡುತ್ತಿದ್ದದ್ದು 1970ರ ದಶಕದಲ್ಲೇ ಪೆಲ್‌ಗೆ ತಿಳಿದಿತ್ತು ಅಂತ ಅದರಲ್ಲಿತ್ತು. ಪೆಲ್ ಅದನ್ನು ಒಪ್ಪಲಿಲ್ಲ. ಒಬ್ಬ ಮನುಷ್ಯ ಒಂದು ಕೇಸಿನಲ್ಲಿ ತಪ್ಪಾಗಿ ಶಿಕ್ಷೆ ಅನುಭವಿಸಿರಬಹುದು, ಬೇರೆ ವಿಷಯದಲ್ಲಿ ಉತ್ತರ ಕೊಡಬೇಕಾದವನೂ ಆಗಿರಬಹುದು. ಎರಡನ್ನೂ ಇಟ್ಟುಕೊಳ್ಳುವಷ್ಟು ಜಾಗ ನಿಮ್ಮ ಚಿತ್ರದಲ್ಲಿದೆಯಾ?

ಫ್ರಾನ್ಸಿನ ಊತ್ರೋ ಕೇಸು ಇದಕ್ಕಿಂತ ಕಹಿ. ಅಲ್ಲಿ ಮಕ್ಕಳ ಮೇಲೆ ದೌರ್ಜನ್ಯ ನಿಜವಾಗಿ ನಡೆದಿತ್ತು. ತಪ್ಪು ಒಪ್ಪಿಕೊಂಡ ಒಬ್ಬ ಹೆಂಗಸು ತನ್ನ ಜೊತೆ ಊರಿನ ಇನ್ನೂ ಎಷ್ಟೋ ಜನರನ್ನು ಸೇರಿಸುತ್ತಾ ಹೋದಳು. ಅವರಲ್ಲಿ ದೊಮಿನಿಕ್ ವಿಯೆಲ್ ಅನ್ನುವ ಪಾದ್ರಿಯೂ ಒಬ್ಬರು. 2004ರಲ್ಲಿ ಅವರಿಗೆ 7 ವರ್ಷ ಶಿಕ್ಷೆ. 2005ರ ಡಿಸೆಂಬರಿನಲ್ಲಿ ಮೇಲ್ಮನವಿಯಲ್ಲಿ ಬಿಡುಗಡೆ. ಆ ಹೆಂಗಸು ಕೋರ್ಟಿನಲ್ಲೇ ತಾನು ಸುಳ್ಳು ಹೇಳಿದೆ ಅಂದಳು. ಎರಡೂ ವಿಚಾರಣೆ ಸೇರಿ 13 ಜನ ನಿರ್ದೋಷಿಗಳೆಂದು ಹೊರಬಂದರು. ಇನ್ನೊಬ್ಬ ಆರೋಪಿ ವಿಚಾರಣೆಗೆ ಮೊದಲೇ ಜೈಲಿನಲ್ಲಿ ತೀರಿಕೊಂಡಿದ್ದ. ಆದರೆ 12 ಮಕ್ಕಳನ್ನು ಸಂತ್ರಸ್ತರೆಂದೇ ಗುರುತಿಸಲಾಯಿತು, ನಾಲ್ವರ ಶಿಕ್ಷೆ ಹಾಗೇ ಉಳಿಯಿತು. ಬರೀ 'ಅಮಾಯಕ ಪಾದ್ರಿಯ ಕಣ್ಣೀರು' ಅಂತ ಚಿತ್ರ ಮಾಡಿದರೆ ಆ 12 ಮಕ್ಕಳು ಚೌಕಟ್ಟಿನ ಹೊರಗೆ ಬೀಳುತ್ತಾರೆ.

ನಮ್ಮ ಕಡೆಯ ಒಂದು ಗೊಂದಲವನ್ನೂ ಹೇಳಿಬಿಡುತ್ತೇನೆ. ಕೇರಳದ ಕನ್ಯಾಸ್ತ್ರೀ ಸಿಸ್ಟರ್ ಅಭಯಾ ಕೇಸಿನಲ್ಲಿ, ಅವರ 1992ರ ಸಾವಿಗೆ 2020ರ ಡಿಸೆಂಬರಿನಲ್ಲಿ ಒಬ್ಬ ಪಾದ್ರಿಗೂ ಒಬ್ಬ ಕನ್ಯಾಸ್ತ್ರೀಗೂ ಜೀವಾವಧಿ ಶಿಕ್ಷೆ ಆಯಿತು. 2022ರ ಜೂನಿನಲ್ಲಿ ಕೇರಳ ಹೈಕೋರ್ಟು ಶಿಕ್ಷೆ ಅಮಾನತಿನಲ್ಲಿಟ್ಟು ಜಾಮೀನು ಕೊಟ್ಟಿತು. ಅವತ್ತು ನನ್ನ ಫೋನಿಗೆ ಬಂದ ವಾಟ್ಸಾಪ್ ಸಂದೇಶಗಳಲ್ಲಿ ಅರ್ಧ 'ನಿರಪರಾಧಿ ಅಂತ ತೀರ್ಪು ಬಂತು' ಅಂದವು. ಶಿಕ್ಷೆ ಅಮಾನತು ಅಂದರೆ ಮೇಲ್ಮನವಿ ತೀರ್ಮಾನ ಆಗುವವರೆಗೆ ಹೊರಗಿರಬಹುದು ಅಂತ, ಅಷ್ಟೇ. ನಿಮ್ಮ ಮಾವನಿಗೂ ನಾಳೆ ಹಾಗೆ ಆಗಬಹುದು. ಆಗ ಚಿತ್ರದಲ್ಲಿ ಯಾವ ಪದ ಹಾಕುತ್ತೀರಿ ಅಂತ ಈಗಲೇ ಯೋಚಿಸಿ.

ಅದೇ ಕೇಸಿನ ಒಂದು ತುಂಡು ನಮ್ಮ ಬೆಂಗಳೂರಿಗೂ ಸೇರಿದ್ದು. ಆರೋಪಿಗಳ ನಾರ್ಕೋ ಪರೀಕ್ಷೆ ನಡೆದದ್ದು 2007ರಲ್ಲಿ ಇಲ್ಲಿನ ವಿಧಿವಿಜ್ಞಾನ ಪ್ರಯೋಗಾಲಯದಲ್ಲಿ. ಆ ವಿಡಿಯೋ ತುಣುಕುಗಳು ಆಮೇಲೆ ಟೀವಿಯಲ್ಲಿ ಬಂದವು. ಮದ್ದಿನ ಅಮಲಿನಲ್ಲಿ ತೊದಲುವ ಮನುಷ್ಯನನ್ನು ನೋಡಿದವರು ಆ ಮುಖ ಮರೆಯುವುದಿಲ್ಲ. ಮುಂದೆ 2010ರ ಮೇ ತಿಂಗಳಲ್ಲಿ ಸೆಲ್ವಿ ವಿರುದ್ಧ ಕರ್ನಾಟಕ ರಾಜ್ಯ ಕೇಸಿನಲ್ಲಿ ಸುಪ್ರೀಂ ಕೋರ್ಟು, ಒಪ್ಪಿಗೆ ಇಲ್ಲದೆ ಇಂಥ ಪರೀಕ್ಷೆ ಮಾಡುವಂತಿಲ್ಲ ಅಂದಿತು. ಒಪ್ಪಿಗೆ ಕೊಟ್ಟಿದ್ದರೂ ಅಮಲಿನಲ್ಲಿ ಆಡಿದ ಮಾತು ಸಾಕ್ಷ್ಯ ಆಗುವುದಿಲ್ಲ. ಇದನ್ನು ಯಾಕೆ ಹೇಳುತ್ತಿದ್ದೇನೆ ಅಂದರೆ, ದೃಶ್ಯಕ್ಕೆ ಅಷ್ಟು ಬಲ ಇದೆ. ಅದು ನಿಮ್ಮ ಕೈಯಲ್ಲಿದ್ದಾಗಲೂ ಅಷ್ಟೇ ಅಪಾಯ. ಜೈಲಿನ ಗೇಟು, ಅದರ ಮೇಲೆ ಒಂದು ವಯಲಿನ್ ಹಾಕಿದರೆ ಯಾರು ಬೇಕಾದರೂ ನಿರಪರಾಧಿ ಆಗುತ್ತಾರೆ. ಎಡಿಟರ್ ನೀವು, ನಿಮಗೆ ನಾನು ಹೇಳಬೇಕಾ?

ಹಾಗಾದರೆ ತಪ್ಪು ತೀರ್ಪು ಹೇಗೆ ಬರುತ್ತದೆ? ಯಾರೋ ಒಬ್ಬ ದುಷ್ಟ ಕೂತು ಸಂಚು ಮಾಡಿದ್ದು ನಾನು ಓದಿದ ಕಡತಗಳಲ್ಲಿ ಕಡಿಮೆ. ಚಿಕ್ಕಪುಟ್ಟ ಅಸಡ್ಡೆಗಳು ಒಂದರ ಮೇಲೊಂದು ಕೂತಿರುತ್ತವೆ. ಮಗುವನ್ನು ಮೊದಲು ಮಾತಾಡಿಸಿದವರು 'ಅವರು ಹೀಗೆ ಮಾಡಿದರಾ?' ಅಂತ ಉತ್ತರವನ್ನೇ ಪ್ರಶ್ನೆಯೊಳಗೆ ಇಟ್ಟು ಕೇಳಿರುತ್ತಾರೆ. ದೂರು ಬಂದ ಕೂಡಲೇ ಮೇಲಿನವರು ಪೊಲೀಸರಿಗೂ ಹೇಳದೆ ಪಾದ್ರಿಯನ್ನು ವರ್ಗ ಮಾಡಿರುತ್ತಾರೆ. ಊರಿಗೆ ಅದೇ ತಪ್ಪೊಪ್ಪಿಗೆ ಥರ ಕಾಣುತ್ತದೆ. ತನಿಖಾಧಿಕಾರಿ ಒಬ್ಬನೇ ಮನುಷ್ಯನ ಕಡೆ ನೋಡುತ್ತಾ ಉಳಿದಿರುತ್ತಾನೆ. ಮಹಜರಿಗೆ ಸಹಿ ಹಾಕಿದ ಪಂಚರು ಜಾಗಕ್ಕೇ ಹೋಗಿರುವುದಿಲ್ಲ. ನಮ್ಮ ಪರದ ವಕೀಲರು ಪಾಟೀ ಸವಾಲಿನಲ್ಲಿ 'ನೀನು ಸುಳ್ಳು ಹೇಳುತ್ತಿದ್ದೀಯ' ಅಂತ ಹುಡುಗನನ್ನು ಗದರಿಸಿ, ಕೇಳಬೇಕಾದ ಒಂದು ತಾರೀಖನ್ನು ಕೇಳದೆ ಕೂತಿರುತ್ತಾರೆ. ಇದು ನಾನು ಅತಿ ಹೆಚ್ಚು ಕಂಡದ್ದು.

ಆದ್ದರಿಂದ ಮೊದಲ ಮೂರು ತಿಂಗಳು ಕಡತಕ್ಕೆ ಕೊಡಿ. ಆರೋಪಪಟ್ಟಿಯ ಪ್ರತಿಯನ್ನು ಆರೋಪಿಗೆ ಪುಕ್ಕಟೆಯಾಗಿ ಕೊಡಲೇಬೇಕು, ಸಾಕ್ಷಿ ಹೇಳಿಕೆಗಳು ಮೇಲ್ಮನವಿಯ ಕಾಗದಗಳ ಜೊತೆ ವಕೀಲರ ಹತ್ತಿರ ಇರುತ್ತವೆ. ಮಾವನ ಒಪ್ಪಿಗೆ ಪತ್ರ ತಂದರೆ ತೋರಿಸುತ್ತಾರೆ. ಅವರ ಆಫೀಸಿನಲ್ಲೇ ಕೂತು ಓದಿ. ಅದರಲ್ಲಿ ಹುಡುಗನ ಹೆಸರು, ಶಾಲೆ, ಮನೆ ಎಲ್ಲ ಇರುತ್ತದೆ. ಒಂದು ಪುಟವೂ ನಿಮ್ಮ ತಂಡದ ವಾಟ್ಸಾಪ್ ಗುಂಪಿಗೆ ಹೋಗಕೂಡದು. ನಾನು ಮಾಡುವ ಕ್ರಮ ಇಷ್ಟು: ಉದ್ದದ ಹಾಳೆಯಲ್ಲಿ ನಾಲ್ಕು ಕಾಲಂ. ಮೊದಲನೆಯದರಲ್ಲಿ ದೂರು, ಆಮೇಲೆ ಮ್ಯಾಜಿಸ್ಟ್ರೇಟರ ಎದುರಿನ ಹೇಳಿಕೆ, ಮೂರನೆಯದರಲ್ಲಿ ಮುಖ್ಯ ವಿಚಾರಣೆ, ಕೊನೆಗೆ ಪಾಟೀ ಸವಾಲು. ಒಂದೇ ಘಟನೆ ನಾಲ್ಕೂ ಕಡೆ ಹೇಗೆ ಬಂದಿದೆ ಅಂತ ಅಡ್ಡಕ್ಕೆ ಓದುವುದು.

ಎಲ್ಲ ವ್ಯತ್ಯಾಸಕ್ಕೂ ಬೆಲೆ ಇಲ್ಲ. ಒಂದು ಕಡೆ ಮಂಗಳವಾರ, ಇನ್ನೊಂದು ಕಡೆ ಬುಧವಾರ ಅಂದರೆ ಅದೇನೂ ದೊಡ್ಡದಲ್ಲ. ಮಕ್ಕಳ ನೆನಪಿನಲ್ಲಿ ವಾರ, ತಾರೀಖು ಹೀಗೇ ಜಾರುತ್ತವೆ, ಕೋರ್ಟುಗಳಿಗೂ ಅದು ಗೊತ್ತು. ಘಟನೆ ನಡೆದ ಕೋಣೆಯೇ ಬದಲಾಗಿದ್ದರೆ, ಜೊತೆಗಿದ್ದವರೇ ಬದಲಾಗಿದ್ದರೆ ಅಲ್ಲಿ ನಿಲ್ಲಬೇಕು. ಭಾಷೆಯನ್ನೂ ನೋಡಿ. ಹುಡುಗ ಅವನ ಮನೆಮಾತಿನಲ್ಲಿ ಹೇಳಿರುತ್ತಾನೆ, ತೀರ್ಪು ಇಂಗ್ಲಿಷಿನಲ್ಲಿರುತ್ತದೆ. 'ಭುಜ ಹಿಡಿದರು' ಅನ್ನುವುದು ಇನ್ನೊಂದು ಭಾಷೆಗೆ ಹೋಗುವಾಗ 'ಎಳೆದರು' ಆಗಿದೆಯಾ? ಅಥವಾ ಉಲ್ಟಾ, ಅವನು ಹೇಳಿದ್ದು ಗಟ್ಟಿಯಾಗಿದ್ದು ಅನುವಾದ ಅದನ್ನು ತೆಳ್ಳಗೆ ಮಾಡಿದೆಯಾ? ನಿಮಗೆ ಬೇಕಾದ ಕಡೆ ಮಾತ್ರ ನೋಡಬೇಡಿ.

ಪಾದ್ರಿಗಳ ಕೇಸಿನಲ್ಲಿ ಇರುವ, ಬೇರೆಯವರಿಗೆ ಇಲ್ಲದ ಒಂದು ಅನುಕೂಲ ಧರ್ಮಕೇಂದ್ರದ ರಿಜಿಸ್ಟರುಗಳು. ಜ್ಞಾನಸ್ನಾನ, ಮದುವೆ, ಸಾವು ಎಲ್ಲದಕ್ಕೂ ದಪ್ಪ ಪುಸ್ತಕ, ತಾರೀಖು, ನಡೆಸಿಕೊಟ್ಟ ಗುರುಗಳ ಸಹಿ. ಆ ಮಧ್ಯಾಹ್ನ ಮಾವ ಬೇರೆ ಊರಿನಲ್ಲಿ ಮದುವೆ ಮಾಡಿಸಿದ್ದರೆ ಅವರ ಸಹಿ ಅಲ್ಲಿನ ಪುಸ್ತಕದಲ್ಲಿರುತ್ತದೆ. ಅಂಥದ್ದು ಸಿಕ್ಕಿದರೆ ಪುಸ್ತಕವನ್ನು ಎತ್ತಿಕೊಂಡು ಬರಬೇಡಿ, 'ಒಳ್ಳೆ ಶಾಟ್' ಅಂತ ಬೆಳಕು ಕಟ್ಟಲೂ ಹೋಗಬೇಡಿ. ಇದ್ದಲ್ಲೇ ಬಿಟ್ಟು ವಕೀಲರಿಗೆ ಫೋನ್ ಮಾಡಿ. ಮೇಲ್ಮನವಿ ಹಂತದಲ್ಲಿ ಹೊಸ ಸಾಕ್ಷ್ಯ ತೆಗೆದುಕೊಳ್ಳುವ ಅಧಿಕಾರ ಹೈಕೋರ್ಟಿಗೆ ಇದೆ, ಆದರೆ ಇಷ್ಟು ದಿನ ಯಾಕೆ ತರಲಿಲ್ಲ ಅಂತ ಕೇಳುತ್ತಾರೆ. ಮಧ್ಯೆ ನಿಮ್ಮ ಕೈ ಆಡಿದ್ದರೆ ಅದಕ್ಕೂ ಉತ್ತರ ಕೊಡಬೇಕಾಗುತ್ತದೆ. ಹಾಗೇ, ಅಲ್ಲಿನ ಬೇರೆ ಗುರುಗಳನ್ನು ಮಾತಾಡಿಸುವಾಗ ಪಾಪನಿವೇದನೆಯಲ್ಲಿ ಏನು ಕೇಳಿದಿರಿ ಅಂತ ಸುಮ್ನೆ ಕೂಡ ಕೇಳಬೇಡಿ. ಚರ್ಚಿನ ಕಾನೂನಿನಲ್ಲಿ ಆ ಗುಟ್ಟು ಒಡೆಯುವಂತೆಯೇ ಇಲ್ಲ. ಉತ್ತರವಂತೂ ಸಿಗುವುದಿಲ್ಲ, ಆಮೇಲೆ ನಿಮ್ಮ ಮುಂದೆ ಯಾರೂ ಬಾಯಿ ಬಿಡುವುದೂ ಇಲ್ಲ.

ಚಿತ್ರದಿಂದ ಕೇಸಿಗೆ ಉಪಯೋಗ ಆಗುತ್ತಾ ಅಂತ ಕೇಳಿದ್ದೀರಿ. ಎಲ್ಲರೂ ಕೊಡುವ ಉದಾಹರಣೆ ಒಂದೇ, ಅಮೆರಿಕದ ನಿರ್ದೇಶಕ ಎರಲ್ ಮಾರಿಸ್ ಅವರ 1988ರ ಸಾಕ್ಷ್ಯಚಿತ್ರ 'ದ ಥಿನ್ ಬ್ಲೂ ಲೈನ್'. ಡಲ್ಲಾಸ್‌ನಲ್ಲಿ ಪೊಲೀಸನೊಬ್ಬನ ಕೊಲೆಗೆ ಶಿಕ್ಷೆಯಾಗಿದ್ದ ರ್‍ಯಾಂಡಲ್ ಆಡಮ್ಸ್ ಆ ಚಿತ್ರ ಬಂದ ಮರುವರ್ಷ ಹೊರಬಂದರು. ನಿಜ. ಆದರೆ ಮಾರಿಸ್ ಅದಕ್ಕೂ ಮೊದಲು ಖಾಸಗಿ ಪತ್ತೇದಾರರಾಗಿ ಕೆಲಸ ಮಾಡಿದ್ದವರು. ಸಾಕ್ಷಿಗಳನ್ನೆಲ್ಲ ಮತ್ತೆ ಹುಡುಕಿ ಮಾತಾಡಿಸಿದರು. ಕೊಲೆಯ ಮರುಸೃಷ್ಟಿಯಲ್ಲಿ 'ಹೀಗೇ ನಡೆಯಿತು' ಅಂತ ಒಂದನ್ನೇ ತೋರಿಸಲಿಲ್ಲ. ಒಬ್ಬೊಬ್ಬ ಸಾಕ್ಷಿ ಹೇಳಿದಂತೆ ಬೇರೆ ಬೇರೆಯಾಗಿ ತೋರಿಸಿದರು, ಒಂದಕ್ಕೊಂದು ಹೊಂದದ್ದು ನೋಡುವವರಿಗೇ ಕಂಡಿತು. ಇನ್ನೊಂದು ವಿಷಯ ಜನ ಹೇಳುವುದಿಲ್ಲ. ಹೊರಗೆ ಬಂದ ಮೇಲೆ ತನ್ನ ಕಥೆಯ ಹಕ್ಕು ಯಾರದು ಅಂತ ಆಡಮ್ಸ್‌ಗೂ ಮಾರಿಸ್‌ಗೂ ವ್ಯಾಜ್ಯವಾಯಿತು, ಕೊನೆಗೆ ರಾಜಿಯಲ್ಲಿ ಮುಗಿಯಿತು. ಮಾವ ಅಲ್ವಾ, ಬರಹದಲ್ಲಿ ಏನಕ್ಕೆ ಅಂತ ಬಿಡಬೇಡಿ. ಎಷ್ಟು ವರ್ಷಕ್ಕೆ, ಯಾವ ಮಾಧ್ಯಮಕ್ಕೆ, ಬೇಡ ಅನಿಸಿದರೆ ಹಿಂದೆ ತೆಗೆದುಕೊಳ್ಳಬಹುದಾ, ಎಲ್ಲ ಕಾಗದದ ಮೇಲೆ ಇರಲಿ.

ನಮ್ಮಲ್ಲಿ ಮೇಲ್ಮನವಿ ಕೋರ್ಟು ಕಡತ ನೋಡುತ್ತದೆ, ಯೂಟ್ಯೂಬ್ ನೋಡುವುದಿಲ್ಲ. ಚಿತ್ರದಿಂದ ಒಳ್ಳೆಯ ವಕೀಲರ ಗಮನ ಸಿಗಬಹುದು, ಅಷ್ಟರಮಟ್ಟಿಗೆ ಉಪಯೋಗ. ಅಪಾಯದ ಪಟ್ಟಿ ಅದಕ್ಕಿಂತ ಉದ್ದ. ನಿಮ್ಮ ವಕೀಲರ ಭಯಕ್ಕೆ ಕಾರಣ ಇದೆ. ಮಾವ ಕ್ಯಾಮೆರಾ ಮುಂದೆ ಹೇಳಿದ್ದಕ್ಕೂ ಕೋರ್ಟಿನಲ್ಲಿ ಹೇಳಿದ್ದಕ್ಕೂ ಒಂದು ಕೂದಲು ವ್ಯತ್ಯಾಸ ಬಂದರೂ ಅದನ್ನು ಎದುರು ಪಕ್ಷ ಹಿಡಿಯುತ್ತದೆ. ಮತ್ತೆ 1971ರ ನ್ಯಾಯಾಂಗ ನಿಂದನೆ ಕಾಯ್ದೆ. ಕೋರ್ಟಿನಲ್ಲಿ ನಡೆದದ್ದನ್ನು ನಡೆದ ಹಾಗೆ ವರದಿ ಮಾಡಬಹುದು. ತೀರ್ಪನ್ನು ನ್ಯಾಯವಾಗಿ ಟೀಕೆ ಮಾಡಲು ಅದರ 5ನೇ ಸೆಕ್ಷನ್ ಕೊಡುವ ರಕ್ಷಣೆ ಮಾತ್ರ ಅಂತಿಮವಾಗಿ ಮುಗಿದ ಕೇಸಿಗೆ. ಮೇಲ್ಮನವಿ ಬಾಕಿ ಇದ್ದರೆ ಕೇಸು ಮುಗಿದಿಲ್ಲ. ಪೆಲ್ ಕೇಸಿನಲ್ಲೂ ವರದಿ ಮಾಡಬಾರದು ಅಂತ ಆದೇಶ ಇತ್ತು, ಅದನ್ನು ಮುರಿದ ಮಾಧ್ಯಮ ಸಂಸ್ಥೆಗಳಿಗೆ 2021ರಲ್ಲಿ ಒಟ್ಟು 10 ಲಕ್ಷ ಆಸ್ಟ್ರೇಲಿಯನ್ ಡಾಲರಿಗೂ ಜಾಸ್ತಿ ದಂಡ ಬಿತ್ತು. ಅವರ ಹತ್ತಿರ ಕಟ್ಟಲು ದುಡ್ಡಿತ್ತು.

ಎಲ್ಲಕ್ಕಿಂತ ದೊಡ್ಡ ಗುಂಡಿ ಗುರುತಿನದು. ಪೋಕ್ಸೋ 23ನೇ ಸೆಕ್ಷನ್ ಪ್ರಕಾರ ಮಗುವಿನ ಹೆಸರು, ಫೋಟೋ, ಮನೆಯವರು, ಶಾಲೆ, ನೆರೆಹೊರೆ, ಗುರುತು ಹತ್ತುವ ಬೇರೆ ಯಾವ ವಿವರವನ್ನೂ ಮಾಧ್ಯಮದಲ್ಲಿ ಹಾಕುವಂತಿಲ್ಲ. ಮುರಿದರೆ 6 ತಿಂಗಳಿಂದ 1 ವರ್ಷದವರೆಗೆ ಜೈಲು, ಇಲ್ಲವೇ ದಂಡ, ಇಲ್ಲವೇ ಎರಡೂ. 'ಮುಖ ಬ್ಲರ್ ಮಾಡ್ತೀವಿ' ಅನ್ನುತ್ತಾರೆ ಹುಡುಗರು. ಬ್ಲರ್ ಸಾಲದು. ನಿಮ್ಮ ಮಾವನ ಹೆಸರು ಹಾಕಿದರೆ ಧರ್ಮಕೇಂದ್ರ ಯಾವುದು ಅಂತ ಗೊತ್ತಾಗುತ್ತದೆ. ಚರ್ಚಿನ ಗೋಪುರ ತೋರಿಸಿದರೆ ಊರು ಗೊತ್ತಾಗುತ್ತದೆ. ಊರು, ವರ್ಷ ಎರಡೂ ತಿಳಿದರೆ ಆ ಹುಡುಗ ಯಾರ ಮನೆಯವನು ಅಂತ ಅಲ್ಲಿನ ಯಾವ ಟೀ ಅಂಗಡಿಯಲ್ಲಾದರೂ ಹೇಳುತ್ತಾರೆ. ಅವನಿಗೆ 19 ತುಂಬಿದೆ ಅಂತ ಈ ರಕ್ಷಣೆ ಹೋಯಿತು ಅಂದುಕೊಳ್ಳಬೇಡಿ. ಅಂದರೆ, ಯಾರ ಹೆಸರು ತೊಳೆಯಬೇಕು ಅಂತ ಹೊರಟಿದ್ದೀರೋ ಅವರ ಹೆಸರನ್ನೇ ನೀವು ಹೇಳಲಾರದೆ ಹೋಗಬಹುದು. ಇದಕ್ಕೆ ನನ್ನ ಹತ್ತಿರ ಸುಲಭ ದಾರಿ ಇಲ್ಲ.

ಜೈಲಿನ ವಿಷಯ ಚಿಕ್ಕದು. ತಿಹಾರ್ ಜೈಲಿನಲ್ಲಿ ನಿರ್ಭಯಾ ಕೇಸಿನ ಅಪರಾಧಿಯ ಸಂದರ್ಶನ 2015ರಲ್ಲಿ ದೊಡ್ಡ ಗಲಾಟೆ ಆದ ಮೇಲೆ ಕ್ಯಾಮೆರಾಕ್ಕೆ ಅನುಮತಿ ಸಿಗುವುದು ಬಹಳ ಕಷ್ಟ. ನಿಮ್ಮದು ಬೇರೆ ರಾಜ್ಯದ ಜೈಲು ಬೇರೆ. ಮನೆಯವರ ಭೇಟಿಗೆ ಹೋದಾಗ ಕದ್ದು ಫೋನಿನಲ್ಲಿ ರೆಕಾರ್ಡ್ ಮಾಡುವ ಯೋಚನೆ ಇದ್ದರೆ ಇಲ್ಲೇ ಬಿಟ್ಟುಬಿಡಿ, ಅದರ ಪೆಟ್ಟು ಬೀಳುವುದು ಮಾವನಿಗೆ. ಅವರು ಅಮ್ಮನಿಗೆ ಪತ್ರ ಬರೆಯುತ್ತಾರಾ? ಜೈಲಿನ ಮೊಹರು ಬಿದ್ದ ಇನ್‌ಲ್ಯಾಂಡ್ ಪತ್ರ, ಅದರ ಮೇಲೆ ಅವರದೇ ಕೈಬರಹ. ಸಂದರ್ಶನಕ್ಕಿಂತ ಅದು ಜಾಸ್ತಿ ಮಾತಾಡುತ್ತದೆ. ಯಾವ ಪತ್ರ ಹಾಕಬಹುದು ಅಂತ ವಕೀಲರು ಓದಿ ಹೇಳಲಿ.

ಆ ಹುಡುಗನನ್ನು ನೀವು ಮಾತಾಡಿಸಬೇಡಿ. ನೀವು ಅಪರಾಧಿಯ ಅಕ್ಕನ ಮಗಳು. ಎಷ್ಟೇ ಮೃದುವಾಗಿ ಬಾಗಿಲು ತಟ್ಟಿದರೂ ಆ ಮನೆಯವರಿಗೆ ಅದು ಬೆದರಿಕೆ ಥರವೇ ಕೇಳುತ್ತದೆ, ಪೊಲೀಸರಿಗೂ ಹಾಗೇ. ಚಿತ್ರದಲ್ಲಿ ಅವನ ಕಡೆಯ ಮಾತು ಇರಲೇಬೇಕು ಅನಿಸಿದರೆ, ಅನಿಸಬೇಕು ಕೂಡ, ನಿಮ್ಮ ಮನೆಗೆ ಸಂಬಂಧವೇ ಇಲ್ಲದ ಇನ್ನೊಬ್ಬರು ಅವನ ವಕೀಲರ ಮೂಲಕ ಒಂದೇ ಒಂದು ಪತ್ರ ಕಳಿಸಲಿ. ಉತ್ತರ ಬರಲಿಲ್ಲ ಅಂದರೆ ಬೇಡ ಅಂತಲೇ ಅರ್ಥ. ಆಗ ಅವನು ಕೋರ್ಟಿನಲ್ಲಿ ಹೇಳಿದ ಮಾತಿಗೆ ಚಿತ್ರದಲ್ಲಿ ಪೂರ್ತಿ ಜಾಗ ಕೊಡಿ, ಗುರುತು ಹತ್ತುವ ವಿವರ ತೆಗೆದು. ನಡುವೆ ಮಾವನ ಅಳುವ ಮುಖಕ್ಕೆ ಕಟ್ ಮಾಡಬೇಡಿ. ಈ ಭಾಗ ಬಿಡುಗಡೆಗೆ ಮುಂಚೆ ಒಬ್ಬ ಕ್ರಿಮಿನಲ್ ವಕೀಲರು ನೋಡಲೇಬೇಕು, ನಿಮ್ಮ ಮಾವನ ವಕೀಲರಲ್ಲ, ಬೇರೆಯವರು.

ಚರ್ಚಿನವರ ದುಡ್ಡು ಬೇಡ. ಅವರು ಒಳ್ಳೆಯವರೇ ಇರಬಹುದು. ದೂರು ಮೊದಲು ಯಾರ ಕಿವಿಗೆ ಬಿತ್ತು, ಅವರು ಎಷ್ಟು ದಿನ ಸುಮ್ಮನಿದ್ದರು ಅಂತ ನೀವು ಧರ್ಮಾಧ್ಯಕ್ಷರ (ಬಿಷಪ್) ಕಚೇರಿಗೆ ಕೇಳಲೇಬೇಕಾಗುತ್ತದೆ. ಅವತ್ತು ದುಡ್ಡು ಹಾಕಿದವರ ಮುಖ ನೆನಪಾಗುತ್ತದೆ. ನೋಡುವವರು ಕೊನೆಯಲ್ಲಿ ಧನ್ಯವಾದದ ಪಟ್ಟಿಯನ್ನೂ ಓದುತ್ತಾರೆ.

ಇಷ್ಟರ ಮೇಲೆ ನಿಮ್ಮ ಮುಂದೆ ಏನಿದೆ? ಈಗಲೇ ಮಾಡಿ ಈಗಲೇ ಬಿಡುವುದು ಮೂರ್ಖತನ, ಅದರ ಬಗ್ಗೆ ಜಾಸ್ತಿ ಮಾತಿಲ್ಲ. ನಿಮ್ಮ ಕೇಸು ಬಿಟ್ಟು ಪೆಲ್ ಅಥವಾ ಊತ್ರೋದಂಥ ಮುಗಿದ ಕೇಸಿನ ಮೇಲೆ ಮಾಡಬಹುದು. ಕಾನೂನಿನ ತೊಂದರೆ ಕಡಿಮೆ, ಆದರೆ ಹಳೆಯ ದೃಶ್ಯಗಳ ಹಕ್ಕಿಗೇ ನಿಮ್ಮ ಬಜೆಟ್ ಮುಗಿಯುತ್ತದೆ. ಮತ್ತೆ ಲಿಂಗರಾಜಪುರದ ನೀವು ಅದನ್ನು ಯಾಕೆ ಮಾಡಬೇಕು? ನನ್ನ ಸಲಹೆ, ಈಗ ಶೂಟ್ ಮಾಡಿ, ಮೇಲ್ಮನವಿ ತೀರ್ಮಾನ ಆದ ಮೇಲೆ ಬಿಡುಗಡೆ ಮಾಡಿ. ಮೊದಲ ದೃಶ್ಯದಲ್ಲೇ 'ಇವರು ನನ್ನ ಮಾವ' ಅಂತ ಹೇಳಿಬಿಡಿ, ಊರು ಹೆಸರು ಇಲ್ಲದೆ. ಹಾಗೆ ಮಾಡಿದಾಗ ಚಿತ್ರ ಅವರು ನಿರಪರಾಧಿಯೋ ಅಲ್ಲವೋ ಅನ್ನುವುದರ ಬಗ್ಗೆ ಇರುವುದಿಲ್ಲ. ಒಂದು ತೀರ್ಪು ಹೇಗೆ ಕಟ್ಟಲ್ಪಟ್ಟಿತು, ಅದರ ಕೆಳಗೆ ಒಂದು ಮನೆ ಹೇಗೆ ಬದುಕುತ್ತಿದೆ ಅನ್ನುವುದರ ಬಗ್ಗೆ ಇರುತ್ತದೆ. ಇದರ ಅಪಾಯ ಏನು ಅಂದರೆ, ಮೇಲ್ಮನವಿ ವರ್ಷಗಟ್ಟಲೆ ಎಳೆಯಬಹುದು. ಹೈಕೋರ್ಟು ಶಿಕ್ಷೆಯನ್ನು ಎತ್ತಿಹಿಡಿಯಲೂಬಹುದು. ಕಡತ ಓದಿದ ಮೇಲೆ ನಿಮಗೇ ಅನುಮಾನ ಹುಟ್ಟಬಹುದು. ಆ ಅನುಮಾನವನ್ನು ಚಿತ್ರದಲ್ಲಿ ಇಡುವ ಧೈರ್ಯ ಇದೆಯಾ ಅಂತ ನಿಮ್ಮನ್ನೇ ಕೇಳಿಕೊಳ್ಳಿ. ಇಲ್ಲ ಅನಿಸಿದರೆ ಸಿಕ್ಕಿದ್ದನ್ನೆಲ್ಲ ವಕೀಲರಿಗೆ ಕೊಟ್ಟು ಚಿತ್ರ ಕೈಬಿಡಿ, ಅದೂ ಒಂದು ಕೆಲಸವೇ. ಬಿಡುಗಡೆಯ ದಾರಿ, ಥಿಯೇಟರಿಗೆ ಸೆನ್ಸಾರ್ ಪ್ರಮಾಣಪತ್ರ, ಓಟಿಟಿಗೆ ಅವರ ಕಾನೂನು ತಂಡ, ಇವೆಲ್ಲ ಆಮೇಲಿನ ಮಾತು. ಈಗ ತಲೆ ಕೆಡಿಸಿಕೊಳ್ಳಬೇಡಿ.

ಶೂಟಿಂಗ್ ಅಮ್ಮನಿಂದ ಶುರು ಮಾಡಿ. ಮೊದಲೇ ಕಡತ ಓದಬೇಕು ಅಂದೆ, ಅದಕ್ಕೆ ಇದೊಂದೇ ವಿನಾಯಿತಿ. ಕಡತ ಓದಿದ ಮೇಲೆ ನಿಮ್ಮ ಪ್ರಶ್ನೆಗಳು ವಕೀಲರ ಪ್ರಶ್ನೆಗಳಾಗುತ್ತವೆ, ಅಮ್ಮ ಸಾಕ್ಷಿ ಕಟಕಟೆಯಲ್ಲಿ ನಿಂತ ಹಾಗೆ ಉತ್ತರ ಕೊಡುತ್ತಾರೆ. ಕೇಸಿನ ಬಗ್ಗೆ ಏನೂ ಕೇಳಬೇಡಿ. ಭಾನುವಾರ ಬೆಳಿಗ್ಗೆ ಅವರ ಜೊತೆ ಆ ಎರಡು ಬಸ್ ಹತ್ತಿ. ಕ್ಯಾಮೆರಾ ಮಡಿಲಲ್ಲಿರಲಿ. ತಮ್ಮ ಗುರುದೀಕ್ಷೆ ತೆಗೆದುಕೊಂಡ ದಿನ ಮನೆಯಲ್ಲಿ ಏನು ಅಡುಗೆ ಮಾಡಿದ್ದಿರಿ ಅಂತ ಕೇಳಿ.